ಸಾಲ–ಠೇವಣಿ ಅನುಪಾತ ಏರಿದರೆ ಪ್ರದೇಶ ಬೆಳೆದಂತೆಯೇ?

ತಕ್ಕಡಿ

ಪ್ರಾದೇಶಿಕ ಅಸಮತೋಲನದ ವರದಿಗಳಲ್ಲಿ ಒಂದು ವಾದ ತಪ್ಪದೇ ಬರುತ್ತದೆ. ಇಂಥ ಪ್ರದೇಶದ ಜನ ಬ್ಯಾಂಕಿನಲ್ಲಿಟ್ಟ ನೂರು ರೂಪಾಯಿಯಲ್ಲಿ ಮೂವತ್ತೈದು ಮಾತ್ರ ಅಲ್ಲಿಗೆ ಸಾಲವಾಗಿ ಬಂತು, ಮಿಕ್ಕದ್ದು ಮಹಾನಗರಕ್ಕೆ ಹರಿಯಿತು, ಅದಕ್ಕೇ ಪ್ರದೇಶ ಹಿಂದುಳಿಯಿತು ಅಂತ. ಕೇಳಲು ಸರಿಯಾಗಿದೆ. ಆದರೆ ಅನುಪಾತ ನೂರು ದಾಟಿಯೂ ಕೆಲಸವಿಲ್ಲದ ಪ್ರದೇಶಗಳಿವೆ, ಮೂವತ್ತರಲ್ಲಿದ್ದೂ ಚೆನ್ನಾಗಿರುವ ಪ್ರದೇಶಗಳಿವೆ.

ನನ್ನ ಪ್ರಶ್ನೆ ಮೂರು: ಈ ಅನುಪಾತ ನಿಜಕ್ಕೂ ಏನನ್ನು ಅಳೆಯುತ್ತದೆ? ಸಾಲ ಬಂದದ್ದರಿಂದ ಬೆಳವಣಿಗೆಯೋ, ಬೆಳೆಯುತ್ತಿದ್ದ ಕಡೆಗೆ ಸಾಲ ಹೋಯಿತೋ? ಒಂದು ಜಿಲ್ಲೆ ಅಥವಾ ನಗರದ ಮಟ್ಟದಲ್ಲಿ ಲೆಕ್ಕ ಹಾಕಲು ಕೂತವರು ಯಾವ ಅಂಕಿ ಹಿಡಿಯಬೇಕು?

ಹಳೇ_ಲೆಡ್ಜರ್

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಎಡವಟ್ಟು ಶುರುವಾಗುವುದೇ ಅಲ್ಲಿ.

ಅನುಪಾತದ ಮೇಲಿನ ಅಂಕಿ ಸಾಲ, ಕೆಳಗಿನದು ಠೇವಣಿ. ಸಾಲವನ್ನು ಎಣಿಸಲು ಎರಡು ದಾರಿಗಳಿವೆ, ಮಂಜೂರಾದ ಜಾಗದ ಪ್ರಕಾರ ಒಂದು, ಬಳಕೆಯಾದ ಜಾಗದ ಪ್ರಕಾರ ಇನ್ನೊಂದು. ಮಹಾನಗರದಲ್ಲಿ ಮುಖ್ಯ ಕಚೇರಿ ಇರುವ ಕಂಪನಿ ಅಲ್ಲಿನ ಶಾಖೆಯಲ್ಲಿ 500 ಕೋಟಿ ಸಾಲ ಪಡೆದು ದೂರದ ಜಿಲ್ಲೆಯಲ್ಲಿ ಕಾರ್ಖಾನೆ ಕಟ್ಟಿತು ಎನ್ನಿ. ಮಂಜೂರಾತಿ ಲೆಕ್ಕದಲ್ಲಿ ಆ 500 ಕೋಟಿ ಮಹಾನಗರದ್ದು, ಬಳಕೆಯ ಲೆಕ್ಕದಲ್ಲಿ ಜಿಲ್ಲೆಯದ್ದು. ಭಾರತದಲ್ಲಿ 2005ರ ಆರ್‌ಬಿಐ ಸುತ್ತೋಲೆಯ ಪ್ರಕಾರ ರಾಜ್ಯ ಮಟ್ಟದ ಅನುಪಾತಕ್ಕೆ ಬಳಕೆಯ ಲೆಕ್ಕವನ್ನೂ ಜೊತೆಗೆ ಗ್ರಾಮೀಣ ಮೂಲಸೌಕರ್ಯ ನಿಧಿಯ ಮೊತ್ತವನ್ನೂ ಹಿಡಿಯಬೇಕು, ಜಿಲ್ಲಾ ಮಟ್ಟಕ್ಕೆ ಮಂಜೂರಾತಿಯ ಲೆಕ್ಕ. ರಾಜ್ಯದ ಅನುಪಾತವನ್ನೂ ಜಿಲ್ಲೆಯ ಅನುಪಾತವನ್ನೂ ಪಕ್ಕಪಕ್ಕ ಇಟ್ಟು ಗ್ರಾಫ್ ಎಳೆಯುವವರು ಮಾವಿನಹಣ್ಣನ್ನೂ ಹಲಸನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದಾರೆ. (ಹೆಸರಿಗೆ ಕ್ಷಮೆಯಿರಲಿ, ತಕ್ಕಡಿಯವರೇ.)

ಅದೇ ಸುತ್ತೋಲೆಯ ಪ್ರಕಾರ ಅನುಪಾತ ಶೇ 40ಕ್ಕಿಂತ ಕಡಿಮೆ ಇರುವ ಜಿಲ್ಲೆಗೆ ವಿಶೇಷ ಉಪಸಮಿತಿ ಬೇಕು. 40ರಿಂದ 60ರ ನಡುವೆ ಇದ್ದರೆ ಜಿಲ್ಲಾ ಸಲಹಾ ಸಮಿತಿಯೇ ನೋಡಿಕೊಳ್ಳುತ್ತದೆ. 20ಕ್ಕಿಂತ ಕೆಳಗಿದ್ದರೆ ಪ್ರತ್ಯೇಕ ಗಮನ.

ಇನ್ನು ಕೆಳಗಿನ ಅಂಕಿ. ಹೊರದೇಶದಲ್ಲಿ ದುಡಿಯುವವರು ಹಣ ಕಳಿಸುವ ಪ್ರದೇಶದಲ್ಲಿ ಠೇವಣಿ ಉಬ್ಬುತ್ತದೆ, ಅನುಪಾತ ಕುಸಿಯುತ್ತದೆ. ಅಲ್ಲಿ ಸಾಲದ ಬರ ಇದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಸರ್ಕಾರಿ ಸಂಸ್ಥೆಯೊಂದು ದೊಡ್ಡ ಮೊತ್ತವನ್ನು ಒಂದು ಶಾಖೆಯಲ್ಲಿ ಇಟ್ಟರೂ ಇದೇ ಕಥೆ. ಅತ್ತ, ವಸೂಲಾಗದ ಹಳೆಯ ಸಾಲವನ್ನು ಲೆಕ್ಕಪುಸ್ತಕದಿಂದ ತೆಗೆದುಹಾಕಿದ ವರ್ಷ ಮೇಲಿನ ಅಂಕಿ ಇಳಿಯುತ್ತದೆ. ಹೊಸ ಸಾಲ ಚೆನ್ನಾಗಿ ನಡೆದಿದ್ದರೂ ಅನುಪಾತ ಮಾತ್ರ ಬಿದ್ದಂತೆ ಕಾಣುತ್ತದೆ.

ಶೇಕಡಾವಾರು

ಲೆಡ್ಜರ್ ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. "ಠೇವಣಿ ಹರಿದು ಮಹಾನಗರಕ್ಕೆ ಹೋಯಿತು" ಎಂಬ ಚಿತ್ರವೇ ಅರ್ಧ ಸರಿ.

ಬ್ಯಾಂಕು ಒಬ್ಬರ ಠೇವಣಿಯನ್ನು ಎತ್ತಿ ಇನ್ನೊಬ್ಬರಿಗೆ ಕೊಡುವುದಿಲ್ಲ. ಸಾಲ ಮಂಜೂರಾದ ಕ್ಷಣ ಸಾಲಗಾರನ ಖಾತೆಯಲ್ಲಿ ಹೊಸ ಠೇವಣಿ ಹುಟ್ಟುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ತ್ರೈಮಾಸಿಕದಲ್ಲಿ ಇದನ್ನು ಬಿಡಿಸಿ ಬರೆದಿತ್ತು. ಆ ಠೇವಣಿ ಊರು ಬಿಡುವುದು ಸಾಲಗಾರ ಖರ್ಚು ಮಾಡಿದಾಗ. ಹಿಂದುಳಿದ ಪ್ರದೇಶದ ಉದ್ಯಮಿಯೊಬ್ಬ 10 ಲಕ್ಷ ಸಾಲ ಪಡೆದು ಕೈಗಾರಿಕಾ ನಗರದಿಂದ ಯಂತ್ರ ತರಿಸಿದ. ಸಾಲ ಇಲ್ಲಿನ ಶಾಖೆಯ ಪುಸ್ತಕದಲ್ಲಿ, ಠೇವಣಿ ಯಂತ್ರ ಮಾರಿದವನ ಖಾತೆಯಲ್ಲಿ, ಅಲ್ಲಿ. ಈಗ ಅನುಪಾತ ಲೆಕ್ಕ ಹಾಕಿ. ಇಲ್ಲಿನದು ಏರಿತು, ಅಲ್ಲಿನದು ಇಳಿಯಿತು! ಅಂದರೆ ಅನುಪಾತ ಹೆಚ್ಚಿರುವುದು ಆ ಪ್ರದೇಶ ಎಲ್ಲವನ್ನೂ ಹೊರಗಿನಿಂದ ಕೊಳ್ಳುತ್ತಿರುವುದರ ಗುರುತೂ ಆಗಿರಬಹುದು.

ಹಾಗಾಗಿ ಸಾಲ ಎಷ್ಟು ಬಂತು ಎನ್ನುವುದರ ಜೊತೆಗೇ ಕೇಳಬೇಕಾದದ್ದು: ಮೊದಲ ಖರ್ಚಿನಲ್ಲಿ ಎಷ್ಟು ಭಾಗ ಊರಲ್ಲೇ ಉಳಿಯಿತು? ಯಂತ್ರದ ಸಾಲದಲ್ಲಿ ಮೊದಲ ಸುತ್ತಿನ ಹಣ ಬಹುತೇಕ ಹೊರಗೆ ಹೋಗುತ್ತದೆ, ಆದರೆ ಆಮೇಲೆ ವರ್ಷಗಟ್ಟಲೆ ಕೂಲಿ ಊರಲ್ಲೇ ಬೀಳುತ್ತದೆ. ಕಟ್ಟಡದ ಸಾಲದಲ್ಲಿ ಮರಳು, ಇಟ್ಟಿಗೆ, ಕೂಲಿಯೆಲ್ಲ ಸ್ಥಳೀಯ, ಆದರೆ ಕಟ್ಟಡ ಮುಗಿದ ದಿನ ಹರಿವೂ ನಿಂತಿತು. ವಾಹನ ಮತ್ತು ಗೃಹೋಪಯೋಗಿ ವಸ್ತುಗಳ ಸಾಲದಲ್ಲಿ ಎರಡೂ ಇಲ್ಲ, ಉಳಿಯುವುದು ಕಂತು.

ತಕ್ಕಡಿ

ಇದು ಹೊಳೆದಿರಲಿಲ್ಲ. ಹಾಗಾದರೆ ಎರಡನೇ ಪ್ರಶ್ನೆ? ಯಾವುದು ಮೊದಲು?

ಶೇಕಡಾವಾರು

ಬೆಳೆಯುವ ಊರಿಗೆ ಬ್ಯಾಂಕು ತಾನಾಗಿಯೇ ಹೋಗುತ್ತದೆ, ಆದ್ದರಿಂದ ಎರಡು ಅಂಕಿಗಳು ಜೊತೆಯಾಗಿ ಏರಿದವು ಎಂಬುದರಿಂದ ಏನೂ ತಿಳಿಯದು. ಊರಿನ ಸ್ಥಿತಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಸಾಲ ಹೆಚ್ಚಿದ ಅಥವಾ ನಿಂತ ಸಂದರ್ಭಗಳನ್ನು ಹುಡುಕಬೇಕು. ಒಳ್ಳೆಯವು ಮೂರಿವೆ.

ಒಂದು, ಅಮೆರಿಕ. ಅಲ್ಲಿನ ರಾಜ್ಯಗಳು ಬ್ಯಾಂಕುಗಳು ಎಲ್ಲೆಂದರಲ್ಲಿ ಶಾಖೆ ತೆರೆಯದಂತೆ ಕಟ್ಟಿಹಾಕಿದ್ದವು. 1970ರ ದಶಕದಿಂದ ಒಂದೊಂದು ರಾಜ್ಯ ಒಂದೊಂದು ವರ್ಷ ಈ ನಿರ್ಬಂಧ ತೆಗೆಯಿತು. ಅಂತರರಾಜ್ಯ ಶಾಖೆಗಳಿಗೆ ಕಾನೂನು ಬಂದದ್ದು 1994ರಲ್ಲಿ. ನಿರ್ಬಂಧ ತೆಗೆದ ರಾಜ್ಯಗಳಲ್ಲಿ ತಲಾದಾಯದ ಬೆಳವಣಿಗೆ ದರ ವರ್ಷಕ್ಕೆ ಸುಮಾರು ಅರ್ಧದಿಂದ ಒಂದು ಶೇಕಡಾಂಶದಷ್ಟು ಹೆಚ್ಚಿತು ಎಂದು ಅರ್ಥಶಾಸ್ತ್ರಜ್ಞರಾದ ಜಯರತ್ನೆ ಮತ್ತು ಸ್ಟ್ರಾಹಾನ್ 1996ರಲ್ಲಿ ತೋರಿಸಿದರು. ಮುಖ್ಯವಾದದ್ದು ಇದರ ಮುಂದಿನ ಮಾತು. ಸಾಲದ ಮೊತ್ತ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ, ಸಾಲದ ಗುಣಮಟ್ಟ ಸುಧಾರಿಸಿತು. ಕೆಟ್ಟ ಸಾಲ ಕಡಿಮೆಯಾಯಿತು. ಅಷ್ಟೇ ಹಣ, ಉತ್ತಮ ಆಯ್ಕೆ.

ಎರಡು, ಭಾರತ. 1977ರಿಂದ 1990ರವರೆಗೆ ಒಂದು ನಿಯಮವಿತ್ತು: ಈಗಾಗಲೇ ಬ್ಯಾಂಕು ಇರುವ ಜಾಗದಲ್ಲಿ ಒಂದು ಶಾಖೆ ಬೇಕಾದರೆ ಬ್ಯಾಂಕಿಲ್ಲದ ನಾಲ್ಕು ಜಾಗಗಳಲ್ಲಿ ತೆರೆಯಬೇಕು. ಬರ್ಜೆಸ್ ಮತ್ತು ಪಾಂಡೆ 2005ರಲ್ಲಿ ಇದರಿಂದ ಗ್ರಾಮೀಣ ಬಡತನ ಇಳಿಯಿತು, ಕೃಷಿಯೇತರ ಉತ್ಪಾದನೆ ಹೆಚ್ಚಿತು ಎಂದರು. ವಿಧಾನದ ಬಗ್ಗೆ ತಕರಾರು ತೆಗೆದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಸುಸ್ತಿ ಸಾಲ ಆ ಕಾಲದಲ್ಲಿ ವಿಪರೀತ ಇತ್ತು ಎಂಬುದನ್ನು ಮೂಲ ಲೇಖಕರೇ ಒಪ್ಪುತ್ತಾರೆ. ಫಲ ಸಿಕ್ಕಿತು, ಬೆಲೆಯನ್ನೂ ತೆತ್ತರು.

ಮೂರು, ಜಪಾನ್. 1990ರ ದಶಕದ ಆರಂಭದಲ್ಲಿ ಅಲ್ಲಿ ಆಸ್ತಿ ಬೆಲೆ ಕುಸಿದು ಬ್ಯಾಂಕುಗಳು ಬಡವಾದವು. ಆ ಬ್ಯಾಂಕುಗಳು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್‌ನಲ್ಲಿ ವಾಣಿಜ್ಯ ಕಟ್ಟಡಗಳಿಗೆ ಸಾಲ ಕೊಡುವುದನ್ನು ತಗ್ಗಿಸಿದವು, ಅಲ್ಲಿ ನಿರ್ಮಾಣ ಕುಂಟಿತು. ತೊಂದರೆ ಹುಟ್ಟಿದ್ದು ಸಾಗರದಾಚೆ. ಹೀಗಾಗಿ ಸಾಲ ನಿಂತರೆ ಊರಿಗೆ ಪೆಟ್ಟು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಶುದ್ಧ ಪುರಾವೆ ಸಿಗುವುದು ಕಷ್ಟ.

ನಕ್ಷೆಗಾರ್ತಿ

ನಗರದ ಒಳಗೂ ಇದೇ ಆಗುತ್ತದೆ, ಇನ್ನೂ ಕ್ರೂರವಾಗಿ. ಅಮೆರಿಕದ ಗೃಹಸಾಲ ನಿಗಮ 1935ರಿಂದ 1940ರ ನಡುವೆ ನಗರಗಳ ನಕ್ಷೆ ಮಾಡಿ ಬಡಾವಣೆಗಳಿಗೆ ನಾಲ್ಕು ಬಣ್ಣ ಬಳಿಯಿತು: ಹಸಿರು, ನೀಲಿ, ಹಳದಿ, ಕೆಂಪು. ಹಸಿರು ಅಂದರೆ ಸಾಲಕ್ಕೆ ಅತಿ ಸುರಕ್ಷಿತ, ಕೆಂಪು ಅಂದರೆ ಅತಿ ಅಪಾಯ. ಕರಿಯರು ಇದ್ದ ಬಡಾವಣೆಗಳಿಗೆ ಬಹುತೇಕ ಕೆಂಪು. ನಕ್ಷೆಯೇ ತಾರತಮ್ಯಕ್ಕೆ ಕಾರಣವೋ, ಇದ್ದ ತಾರತಮ್ಯವನ್ನು ನಕ್ಷೆ ಬರೆದಿಟ್ಟಿತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕಾನೂನು ಎಚ್ಚೆತ್ತದ್ದು ತಡವಾಗಿ: 1968ರಲ್ಲಿ ವಸತಿ ತಾರತಮ್ಯ ನಿಷೇಧ, 1975ರಲ್ಲಿ ಗೃಹಸಾಲದ ವಿವರ ಬಹಿರಂಗಪಡಿಸುವ ಕಾಯ್ದೆ, 1977ರಲ್ಲಿ ಠೇವಣಿ ತೆಗೆದುಕೊಳ್ಳುವ ಪ್ರದೇಶಕ್ಕೆ ಸಾಲದ ಹೊಣೆಯೂ ಇದೆ ಎಂಬ ಸಮುದಾಯ ಮರುಹೂಡಿಕೆ ಕಾಯ್ದೆ.

ಆದರೆ ಬಣ್ಣದ ನಕ್ಷೆ ಇಲ್ಲದೆಯೂ ಒಂದು ಬಡಾವಣೆ ಸಾಲದಿಂದ ಹೊರಗುಳಿಯುತ್ತದೆ. ಹೇಗೆ ಅಂದರೆ, ಮನೆಯ ಮೌಲ್ಯಮಾಪನ ಮಾಡುವವರು ಸುತ್ತಲಿನ ಇತ್ತೀಚಿನ ನೋಂದಾಯಿತ ಮಾರಾಟಗಳನ್ನು ನೋಡುತ್ತಾರೆ. ಸಾಲ ಸಿಗದ ಬಡಾವಣೆಯಲ್ಲಿ ಮಾರಾಟ ನಗದಿನಲ್ಲಿ, ಕಡಿಮೆ ಬೆಲೆ ಬರೆಸಿ ನಡೆಯುತ್ತದೆ. ಹೋಲಿಕೆಗೆ ಮಾರಾಟವೇ ಸಿಗದು, ಸಿಕ್ಕರೂ ಬೆಲೆ ಕಡಿಮೆ. 40 ಲಕ್ಷಕ್ಕೆ ಒಪ್ಪಿದ ಮನೆಗೆ ಮೌಲ್ಯ 28 ಲಕ್ಷ ಎಂದು ವರದಿ ಬರುತ್ತದೆ. ಬ್ಯಾಂಕು ಅದರ ಶೇ 80 ಕೊಟ್ಟರೆ 22.4 ಲಕ್ಷ. ಉಳಿದ 17.6 ಲಕ್ಷ ಕೈಯಿಂದ ಹಾಕಬಲ್ಲವರು ಯಾರು? ಕೊಳ್ಳುವವರಿಲ್ಲ, ಬೆಲೆ ಇಳಿಯಿತು, ಮನೆ ಮಾಲೀಕರು ರಿಪೇರಿ ಬಿಟ್ಟರು, ಮುಂದಿನ ಮೌಲ್ಯಮಾಪನ ಇನ್ನೂ ಕೆಳಗೆ. ಯಾರೂ ದುರುದ್ದೇಶದಿಂದ ನಡೆದುಕೊಳ್ಳಲಿಲ್ಲ, ಬಡಾವಣೆ ಮಾತ್ರ ಸತ್ತಿತು.

ಹಕ್ಕುಪತ್ರ ಕೊಟ್ಟುಬಿಟ್ಟರೆ ಸಾಲ ತಾನಾಗಿ ಬರುತ್ತದೆ ಎನ್ನುವವರಿಗೆ ಒಂದು ಮಾತು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹೊರವಲಯದಲ್ಲಿ ಒಂದೇ ಬಡಾವಣೆಯ ಕೆಲವರಿಗೆ ಹಕ್ಕುಪತ್ರ ಸಿಕ್ಕಿ, ಕೆಲವರಿಗೆ ಸಿಗದೇ ಉಳಿದ ಪ್ರಕರಣವಿದೆ. ಪತ್ರ ಸಿಕ್ಕವರು ಮನೆ ಗಟ್ಟಿ ಮಾಡಿಕೊಂಡರು, ಮಕ್ಕಳ ಓದು ಸುಧಾರಿಸಿತು. ಬ್ಯಾಂಕ್ ಸಾಲ ಮಾತ್ರ ಅಷ್ಟೇನೂ ಹೆಚ್ಚಲಿಲ್ಲ. ಪತ್ರ ಅಡವಿಡಲು ಅರ್ಹತೆ ಕೊಡುತ್ತದೆ, ಕಂತು ಕಟ್ಟುವ ಸ್ಥಿರ ಆದಾಯವನ್ನಲ್ಲ.

ಅಸಲು_ಬಡ್ಡಿ

ಇಷ್ಟು ಹೊತ್ತು ಯಾರೂ ದುಡಿಯುವ ಬಂಡವಾಳದ, ಅಂದರೆ ದಿನನಿತ್ಯ ಘಟಕ ನಡೆಸಲು ಬೇಕಾದ ಹಣದ, ಮಾತೆತ್ತಲಿಲ್ಲ. ಸಣ್ಣ ಉದ್ಯಮಗಳ ಸಮೂಹ ಇರುವ ಪ್ರದೇಶದಲ್ಲಿ ಸಾಯುವ ಘಟಕಗಳು ಹೆಚ್ಚಾಗಿ ಸಾಯುವುದು ಯಂತ್ರದ ಸಾಲ ಸಿಗದೆ ಅಲ್ಲ. ಯಂತ್ರಕ್ಕೆ ಟರ್ಮ್ ಲೋನ್ (ಕಂತಿನಲ್ಲಿ ತೀರಿಸುವ ಅವಧಿ ಸಾಲ) ಸಿಕ್ಕಿ, ನಡೆಸಲು ಸಿಸಿ ಲಿಮಿಟ್ (ಕ್ಯಾಶ್ ಕ್ರೆಡಿಟ್, ಬೇಕಾದಾಗ ಎತ್ತಿ ಕಟ್ಟುವ ಸಾಲದ ಮಿತಿ) ಸಾಲದೇ ಹೋದದ್ದರಿಂದ.

ಲೆಕ್ಕ ನೋಡಿ. ವರ್ಷದ ನಡೆಸುವ ಖರ್ಚು 1.2 ಕೋಟಿ, ದಿನಕ್ಕೆ ಸುಮಾರು 33 ಸಾವಿರ. ಕಚ್ಚಾಮಾಲು 30 ದಿನ, ತಯಾರಿಯಲ್ಲಿ 10 ದಿನ, ಸಿದ್ಧ ಸರಕು 20 ದಿನ, ಗಿರಾಕಿ ದುಡ್ಡು ಕೊಡಲು 60 ದಿನ, ಒಟ್ಟು 120. ಕಚ್ಚಾಮಾಲು ಕೊಟ್ಟವರು 30 ದಿನ ಕಾಯುತ್ತಾರೆ, ಅದನ್ನು ಕಳೆದರೆ 90 ದಿನ. ಸುಮಾರು 30 ಲಕ್ಷ ಯಾವಾಗಲೂ ಸಿಕ್ಕಿಹಾಕಿಕೊಂಡಿರುತ್ತದೆ. ಭಾರತದಲ್ಲಿ ಸಣ್ಣ ಘಟಕಗಳಿಗೆ ಆರ್‌ಬಿಐ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ: ಅಂದಾಜು ವಹಿವಾಟಿನ ಶೇ 25 ಅಗತ್ಯ, ವಹಿವಾಟಿನ ಶೇ 20 ಬ್ಯಾಂಕಿನದು, ಉಳಿದ ಶೇ 5 ಮಾಲೀಕರದು. ವಹಿವಾಟು 1.4 ಕೋಟಿ ಆದರೆ ಬ್ಯಾಂಕು 28 ಲಕ್ಷ, ಮಾಲೀಕರು 7 ಲಕ್ಷ. ಸಾಕಾಗುತ್ತದೆ.

ಈಗ ದೊಡ್ಡ ಗಿರಾಕಿ 60 ದಿನದ ಬದಲು 105 ದಿನಕ್ಕೆ ಕೊಟ್ಟ. ಚಕ್ರ 135 ದಿನ, ಬೇಕಾದದ್ದು 44 ಲಕ್ಷಕ್ಕೂ ಹೆಚ್ಚು. ಬ್ಯಾಂಕು ಲಿಮಿಟ್ ಏರಿಸುವುದು ಹಾಗಿರಲಿ, ಡ್ರಾಯಿಂಗ್ ಪವರ್ (ಆ ಲಿಮಿಟ್‌ನಲ್ಲಿ ಸದ್ಯ ಎತ್ತಬಹುದಾದ ಮೊತ್ತ) ಇಳಿಯುತ್ತದೆ. ಏಕೆಂದರೆ ಗಿರಾಕಿಯಿಂದ ಬರಬೇಕಾದದ್ದರಲ್ಲಿ 90 ದಿನ ದಾಟಿದ ಬಾಕಿಯನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ದಾಸ್ತಾನು 12 ಲಕ್ಷ, ಬರಬೇಕಾದದ್ದು 20 ಲಕ್ಷ, ಕೊಡಬೇಕಾದದ್ದು 6 ಲಕ್ಷ ಇರುವ ಘಟಕ ತೆಗೆದುಕೊಳ್ಳಿ. ಎಲ್ಲ ಬಾಕಿಯೂ ಹೊಸದಾಗಿದ್ದರೆ 26 ಲಕ್ಷ, ಶೇ 25 ಮಾರ್ಜಿನ್ (ಮಾಲೀಕರೇ ಹಾಕಬೇಕಾದ ಪಾಲು) ಕಳೆದು 19.5 ಲಕ್ಷ ಎತ್ತಬಹುದು. ಬಾಕಿಯಲ್ಲಿ 8 ಲಕ್ಷ 90 ದಿನ ದಾಟಿದರೆ 18 ಲಕ್ಷ, ಮಾರ್ಜಿನ್ ಕಳೆದು 13.5. ದುಡ್ಡು ಹೆಚ್ಚು ಬೇಕಾದ ತಿಂಗಳಲ್ಲೇ 6 ಲಕ್ಷ ಕಡಿಮೆ! ಆಗ ಕೈಸಾಲ, ಅದರ ಬಡ್ಡಿಗೆ ಲಾಭವೆಲ್ಲ ಹೋಗುತ್ತದೆ, ಮೂರು ಕಂತು ತಪ್ಪಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ. ಆ ಘಟಕದಿಂದ ಬಿಡಿಕೆಲಸ ಪಡೆಯುತ್ತಿದ್ದ ಇನ್ನೂ ಚಿಕ್ಕ ಘಟಕಗಳಿಗೆ ಅದು ಕೊಡಬೇಕಾದ್ದು ನಿಲ್ಲುತ್ತದೆ. ಒಂದು ಊರಿನ ಸಮೂಹ ಕುಸಿಯುವುದು ಈ ಸರಪಳಿಯಲ್ಲಿ.

ಇಲ್ಲಿ ಸಾಲ ಹೆಚ್ಚಿಸುವುದಕ್ಕಿಂತ ಬಿಲ್ಲನ್ನೇ ಹಣ ಮಾಡಿಕೊಡುವ ವ್ಯವಸ್ಥೆ ಉತ್ತಮ, ಗಿರಾಕಿ ಒಪ್ಪಿದ ಬಿಲ್ಲಿನ ಮೇಲೆ ಗಿರಾಕಿಯ ಸಾಲಯೋಗ್ಯತೆ ನೋಡಿ ಬಡ್ಡಿ ನಿಗದಿಯಾಗುವಂಥದ್ದು. ಎಡವಟ್ಟು ಎಲ್ಲಿ ಅಂದರೆ ಗಿರಾಕಿ ಬಿಲ್ಲು ಒಪ್ಪುವುದನ್ನೇ ತಡಮಾಡುತ್ತಾನೆ.

ತಕ್ಕಡಿ

ಆದರೂ ಬ್ಯಾಂಕುಗಳು ಮನೆಸಾಲದ ಹಿಂದೆ ಬೀಳುತ್ತವೆ, ಉದ್ಯಮಕ್ಕೆ ಬಂದರೆ ಮೂಗು ಮುರಿಯುತ್ತವೆ. ಸೋಮಾರಿತನವೇ ಅಲ್ಲವೇ?

ಹಳೇ_ಲೆಡ್ಜರ್

ಸೋಮಾರಿತನ ಸ್ವಲ್ಪ, ಗಣಿತ ಬಹಳ. ಬ್ಯಾಂಕು ಎಷ್ಟು ಸ್ವಂತ ಬಂಡವಾಳ ಇಡಬೇಕೆಂದು ಹೇಳುವ ಅಂತರರಾಷ್ಟ್ರೀಯ ನಿಯಮ ಬಾಸೆಲ್ 2. ಅದರ ಪ್ರಮಾಣಿತ ವಿಧಾನದಲ್ಲಿ ವಾಸದ ಮನೆಯ ಸಾಲಕ್ಕೆ ಅಪಾಯದ ತೂಕ ಶೇ 35, ರೇಟಿಂಗ್ ಇಲ್ಲದ ಕಂಪನಿಗೆ 100, ಸಣ್ಣ ಚಿಲ್ಲರೆ ಸಾಲಕ್ಕೆ 75. ಹೀಗೆ ತೂಗಿದ ಮೊತ್ತದ ಮೇಲೆ ಕನಿಷ್ಠ ಬಂಡವಾಳ ಶೇ 8. ಅಂದರೆ ನೂರು ರೂಪಾಯಿ ಮನೆಸಾಲಕ್ಕೆ ಬ್ಯಾಂಕು 2.80 ಸ್ವಂತ ಬಂಡವಾಳ ಇಡಬೇಕು, ಕಂಪನಿ ಸಾಲಕ್ಕೆ 8. ಅದೇ 8 ರೂಪಾಯಿ ಬಂಡವಾಳದ ಮೇಲೆ 100 ರೂಪಾಯಿಯ ಉದ್ಯಮ ಸಾಲ ಕೊಡಬಹುದು, ಇಲ್ಲವೇ 285 ರೂಪಾಯಿಯ ಮನೆಸಾಲ. ಜೊತೆಗೆ ಮನೆಸಾಲದ ಕಡತ ಎಲ್ಲ ಕಡೆಯೂ ಒಂದೇ ಥರ, ಉದ್ಯಮದ ಕಡತ ಒಂದೊಂದೂ ಬೇರೆ.

ಪರಿಣಾಮ ನಿಮ್ಮ ಕಣ್ಣ ಮುಂದಿದೆ. ಮುಂದುವರಿದ 17 ದೇಶಗಳಲ್ಲಿ ಬ್ಯಾಂಕ್ ಸಾಲದಲ್ಲಿ ಅಡಮಾನ ಸಾಲದ ಪಾಲು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೂರನೇ ಒಂದರ ಆಸುಪಾಸು ಇತ್ತು, ಈಗ ಸುಮಾರು ಶೇ 60. ಹೊಸ ಮನೆ ಕಟ್ಟಲು ಜಾಗ, ಅನುಮತಿ ಇಲ್ಲದ ನಗರದಲ್ಲಿ ಇಷ್ಟೊಂದು ಗೃಹಸಾಲ ಬಂದರೆ ಮನೆ ಹೆಚ್ಚಾಗುವುದಿಲ್ಲ, ನಿವೇಶನದ ಬೆಲೆ ಹೆಚ್ಚಾಗುತ್ತದೆ. ಅನುಪಾತ ಮಾತ್ರ ಅದ್ಭುತವಾಗಿ ಕಾಣುತ್ತದೆ.

ನಕ್ಷೆಗಾರ್ತಿ

ಒಂದು ತಿದ್ದುಪಡಿ, ಲೆಡ್ಜರ್ ಸರ್. ಬೆಲೆ ಏರಿದ ಮನೆಯನ್ನೇ ಅಡವಿಟ್ಟು ಸಣ್ಣ ಉದ್ಯಮ ಶುರುಮಾಡುವವರು ಬಹಳ. ಹಾಗಾಗಿ ಗೃಹಸಾಲ ಮತ್ತು ಉದ್ಯಮಸಾಲದ ನಡುವೆ ನೀವು ಎಳೆದ ಗೆರೆ ಅಷ್ಟು ಗಟ್ಟಿಯಲ್ಲ.

ಹಳೇ_ಲೆಡ್ಜರ್

ಒಪ್ಪುತ್ತೇನೆ ಮೇಡಂ. ಬೆಲೆ ಇಳಿದಾಗ ಮನೆ, ಉದ್ಯಮ ಎರಡೂ ಒಟ್ಟಿಗೆ ಮುಳುಗುವುದೂ ಅದಕ್ಕೇ.

ತಕ್ಕಡಿ

ಸ್ಥಳೀಯ ಬ್ಯಾಂಕುಗಳೇ ಪರಿಹಾರ ಎನ್ನುತ್ತಾರಲ್ಲ?

ಶೇಕಡಾವಾರು

ಜರ್ಮನಿಯ ಉಳಿತಾಯ ಬ್ಯಾಂಕುಗಳನ್ನೂ ಸ್ಪೇನಿನ ಉಳಿತಾಯ ಬ್ಯಾಂಕುಗಳನ್ನೂ ಹೋಲಿಸಿ. ಎರಡೂ ಪ್ರಾದೇಶಿಕ, ಎರಡರಲ್ಲೂ ಸ್ಥಳೀಯ ರಾಜಕಾರಣಿಗಳ ಕೈ. ಜರ್ಮನಿಯಲ್ಲಿ ಪ್ರದೇಶ ತತ್ವ ಉಳಿಯಿತು: ತನ್ನ ಪಾಲಿನ ಪ್ರದೇಶದಾಚೆ ವ್ಯವಹಾರ ವಿಸ್ತರಿಸುವ ಹಾಗಿಲ್ಲ. ಸಣ್ಣ ಮತ್ತು ಮಧ್ಯಮ ಉದ್ಯಮವೇ ಗಿರಾಕಿ. ದೀರ್ಘಾವಧಿ ಹಣ 1948ರಲ್ಲಿ ಹುಟ್ಟಿದ ಸರ್ಕಾರಿ ಅಭಿವೃದ್ಧಿ ಬ್ಯಾಂಕಿನಿಂದ ಬರುತ್ತದೆ, ಆದರೆ ಉದ್ಯಮಿ ಹೋಗುವುದು ತನ್ನ ಮಾಮೂಲಿ ಬ್ಯಾಂಕಿಗೇ. ಸ್ಪೇನಿನಲ್ಲಿ ಗಡಿ ಬಿಟ್ಟುಕೊಟ್ಟರು. ಪರಿಚಯವಿಲ್ಲದ ಊರಿಗೆ ಹೋದ ಬ್ಯಾಂಕಿಗೆ ಸುಲಭವಾಗಿ ಸಿಗುವುದು ಕಟ್ಟಡದ ಸಾಲ. 2008ರ ನಂತರ 45 ಉಳಿತಾಯ ಬ್ಯಾಂಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ವಿಲೀನವಾಗಿಯೋ ರೂಪ ಬದಲಿಸಿಯೋ ಕಣ್ಮರೆಯಾದವು.

ಹಾಗಂತ ಪ್ರದೇಶಕ್ಕೆ ಕಟ್ಟಿಹಾಕಿದ ಬ್ಯಾಂಕು ಸುರಕ್ಷಿತ ಅಂತಲೂ ಅಲ್ಲ. ಒಂದೇ ಬೆಳೆ, ಒಂದೇ ಕೈಗಾರಿಕೆಯ ಊರಿನಲ್ಲಿ ಅದು ಕೆಟ್ಟ ವರ್ಷ ಸಾಲಗಾರರೂ ಠೇವಣಿದಾರರೂ ಒಟ್ಟಿಗೆ ಸೋಲುತ್ತಾರೆ.

ನನ್ನ ಮಟ್ಟಿಗೆ ಇಲ್ಲಿ ತೂಕವಿರುವುದು ಮಾಲೀಕತ್ವಕ್ಕಲ್ಲ, ಸಾಲಕ್ಕೆ ಹೂಂ ಎನ್ನುವ ಅಧಿಕಾರ ಎಷ್ಟು ದೂರದಲ್ಲಿದೆ ಎನ್ನುವುದಕ್ಕೆ. ಅಮೆರಿಕದಲ್ಲಿ ಬ್ಯಾಂಕುಗಳ ವಿಲೀನದಿಂದ ಮುಚ್ಚಿದ ಶಾಖೆಗಳ ಸುತ್ತ ಸಣ್ಣ ಉದ್ಯಮ ಸಾಲ ಕುಸಿದು ವರ್ಷಗಟ್ಟಲೆ ಏಳಲಿಲ್ಲ, ಪಕ್ಕದಲ್ಲೇ ಬೇರೆ ಬ್ಯಾಂಕುಗಳಿದ್ದರೂ. ಪರಿಣಾಮ ಸುಮಾರು 6 ಮೈಲಿಯೊಳಗೇ ತೀರಿಹೋಯಿತು. ಗೃಹಸಾಲ ಮಾತ್ರ ಬೇಗ ಚೇತರಿಸಿಕೊಂಡಿತು. ಮನೆಸಾಲಕ್ಕೆ ಕಾಗದ ಸಾಕು. ಉದ್ಯಮ ಸಾಲಕ್ಕೆ ಬೇಕಾದ ತಿಳಿವಳಿಕೆ ಮ್ಯಾನೇಜರನ ತಲೆಯಲ್ಲಿತ್ತು, ಶಾಖೆಯ ಜೊತೆ ಅದೂ ಹೋಯಿತು.

ಅಸಲು_ಬಡ್ಡಿ

ಇದಕ್ಕೆ ನನ್ನ ಪೂರ್ಣ ಸಹಮತ. ಶಾಖೆ ಇದ್ದೂ ಕಡತವೆಲ್ಲ ದೂರದ ಕೇಂದ್ರಕ್ಕೆ ಹೋಗುವ ಹಾಗಿದ್ದರೆ ಅದು ಠೇವಣಿ ಎತ್ತುವ ಕೌಂಟರ್, ಅಷ್ಟೇ.

ತಕ್ಕಡಿ

ಕಡ್ಡಾಯ ಗುರಿ ಹಾಕಿದರೆ?

ಶೇಕಡಾವಾರು

ಗುರಿ ಕೆಲಸ ಮಾಡುತ್ತದೆ, ಅಡ್ಡಪರಿಣಾಮಗಳ ಸಮೇತ. ಭಾರತದಲ್ಲಿ ವಾಣಿಜ್ಯ ಬ್ಯಾಂಕುಗಳು ಹೊಂದಾಣಿಕೆ ಮಾಡಿದ ನಿವ್ವಳ ಸಾಲದ (ಗುರಿಯ ಲೆಕ್ಕಕ್ಕೆ ಹಿಡಿಯುವ ಸಾಲದ ಮೊತ್ತದ) ಶೇ 40ನ್ನು ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯಕ್ಕೆ ಕೊಡಬೇಕು, ಅದರೊಳಗೆ ಕೃಷಿಗೆ 18. ಮೊದಲು ಇದಕ್ಕೆ ಭೂಗೋಳವೇ ಇರಲಿಲ್ಲ, ಸುಲಭದ ಜಿಲ್ಲೆಗಳಲ್ಲೇ ಗುರಿ ಮುಟ್ಟಬಹುದಿತ್ತು. ಈಗ ತಲಾ ಆದ್ಯತಾ ಸಾಲ ಕಡಿಮೆ ಇರುವ ಜಿಲ್ಲೆಯಲ್ಲಿ ಕೊಟ್ಟ ಹೆಚ್ಚುವರಿ ಸಾಲಕ್ಕೆ ಶೇ 125 ತೂಕ (ನೂರು ಕೊಟ್ಟರೆ ಗುರಿಯ ಲೆಕ್ಕದಲ್ಲಿ 125), ಬಹಳ ಇರುವ ಜಿಲ್ಲೆಯಲ್ಲಿ ಶೇ 90. 2024–25ರಿಂದ ತಲಾ ಸಾಲದ ಈ ಗಡಿಗಳು 9,000 ಮತ್ತು 42,000 ರೂಪಾಯಿ. ದಿಕ್ಕು ಸರಿಯಿದೆ.

ಕೆಡುವುದು ಎಲ್ಲಿ? ಸರ್ಕಾರಿ ಬ್ಯಾಂಕುಗಳ ಕೃಷಿ ಸಾಲ ಚುನಾವಣಾ ವರ್ಷದಲ್ಲಿ ಉಬ್ಬುತ್ತಿತ್ತು, ಫಸಲು ಮಾತ್ರ ಹೆಚ್ಚಲಿಲ್ಲ ಎಂದು ಶಾನ್ ಕೋಲ್ 2009ರಲ್ಲಿ ತೋರಿಸಿದ್ದಾರೆ. ಎರಡನೆಯದು ಮಾರ್ಚ್ ಕೊನೆಯ ವಾರದ ಭರಾಟೆ. ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಟ್ಟರೂ ವಿತರಣೆಯ ಅಂಕಿ ಏರುತ್ತದೆ. ಆದ್ದರಿಂದ ವಿತರಣೆ ನೋಡಬೇಡಿ, ವರ್ಷಾಂತ್ಯದ ಬಾಕಿ, ಅಂದರೆ ಇನ್ನೂ ತೀರದೆ ಉಳಿದ ಒಟ್ಟು ಸಾಲ, ನೋಡಿ.

ಅಸಲು_ಬಡ್ಡಿ

ಮೂರನೇ ಪ್ರಶ್ನೆ ಇನ್ನೂ ಬಾಕಿ ಇದೆಯಲ್ಲ. ಜಿಲ್ಲೆಯೊಂದನ್ನು ಪರಿಶೀಲಿಸುವುದಾದರೆ ನಾನು ಈ ಕ್ರಮ ಹಿಡಿಯುತ್ತೇನೆ.

ಸಾಲದ ಬಾಕಿಯನ್ನು ಮೊದಲು ನಾಲ್ಕು ಗುಡ್ಡೆ ಮಾಡಿ: ಕೃಷಿ, ಉದ್ಯಮ ಮತ್ತು ವ್ಯಾಪಾರ, ಮನೆ, ವೈಯಕ್ತಿಕ. ಚಿನ್ನದ ಸಾಲವನ್ನು ಬೇರೆಯಾಗಿ ಇಡಿ, ಅದು ಕೃಷಿಯ ಗುಡ್ಡೆಯಲ್ಲಿ ಅಡಗಿರುತ್ತದೆ. ಐದು ವರ್ಷದ ಅಂಕಿ ಸಾಲಾಗಿ ಬರೆದರೆ ಅನುಪಾತ ಏರಿದ್ದು ಯಾವ ಗುಡ್ಡೆಯಿಂದ ಎಂದು ಗೊತ್ತಾಗುತ್ತದೆ. ಆಮೇಲೆ ಉದ್ಯಮದ ಗುಡ್ಡೆಯಲ್ಲಿ ಟರ್ಮ್ ಲೋನ್ ಎಷ್ಟು, ಸಿಸಿ ಎಷ್ಟು ನೋಡಿ. ಟರ್ಮ್ ಏರುತ್ತಾ ಸಿಸಿ ನಿಂತಿದ್ದರೆ ಎರಡು ವರ್ಷದಲ್ಲಿ ಸುಸ್ತಿ ಕಾದಿದೆ. ಖಾತೆಗಳ ಸಂಖ್ಯೆಯನ್ನೂ ಬಿಡಬೇಡಿ. ಮೊತ್ತ ದ್ವಿಗುಣವಾಗಿ ಖಾತೆ ಅಷ್ಟೇ ಇದ್ದರೆ ಇದ್ದವರಿಗೇ ಹೆಚ್ಚು ಸಿಕ್ಕಿದೆ. ಕೊನೆಗೆ ತಿರಸ್ಕೃತ ಅರ್ಜಿಗಳ ಕಾರಣ ಕೇಳಿ: ದಾಖಲೆಯ ಕೊರತೆಯೋ, ಅಡವಿಡಲು ಆಸ್ತಿಯ ಕೊರತೆಯೋ, ಆದಾಯ ಸಾಲದೋ. ಮೊದಲನೆಯದನ್ನು ಕಂದಾಯ ಕಚೇರಿ ಸರಿಮಾಡಬಹುದು, ಎರಡನೆಯದನ್ನು ಸಾಲ ಖಾತರಿ ನಿಧಿ. ಮೂರನೆಯದನ್ನು ಬ್ಯಾಂಕು ಸರಿಮಾಡಲಾಗದು. ಅಲ್ಲಿ ರಸ್ತೆ, ವಿದ್ಯುತ್, ಮಾರುಕಟ್ಟೆ ಬೇಕು.

ತಕ್ಕಡಿ

ತುಂಬ ಉಪಕಾರವಾಯಿತು. ಬಾಕಿಯ ಅಂಕಿ ಸಿಗುವುದೆಲ್ಲಿ?

ಹಳೇ_ಲೆಡ್ಜರ್

ಜಿಲ್ಲಾವಾರು ಠೇವಣಿ ಮತ್ತು ಸಾಲವನ್ನು ಆರ್‌ಬಿಐ ಪ್ರತಿ ತ್ರೈಮಾಸಿಕ ಪ್ರಕಟಿಸುತ್ತದೆ. ಕಸುಬುವಾರು ವಿಂಗಡಣೆ ಬೇಕಾದರೆ ಮೂಲ ಅಂಕಿಅಂಶ ವರದಿಯ ಮೊದಲ ಭಾಗ, ಅಂದರೆ ಬಿಎಸ್‌ಆರ್–1. ಬಳಕೆಯ ಜಿಲ್ಲೆಯ ಕೋಡ್ ತುಂಬುವವರು ಶಾಖೆಯವರೇ ಎಂಬುದು ನೆನಪಿರಲಿ. ಖಾತೆ ತೆರೆಯುವಾಗ ತಮ್ಮ ಜಿಲ್ಲೆಯ ಕೋಡನ್ನೇ ಒತ್ತಿಬಿಟ್ಟರೆ ಬಳಕೆಯ ಲೆಕ್ಕವೂ ಮಂಜೂರಾತಿಯ ಲೆಕ್ಕವೂ ಒಂದೇ ಆಗಿಬಿಡುತ್ತದೆ. ಎರಡೂ ಅಂಕಿ ಅನುಮಾನ ಬರುವಷ್ಟು ಹತ್ತಿರ ಇದ್ದರೆ ಮೊದಲು ಇದನ್ನೇ ವಿಚಾರಿಸಿ.